ಆಟ ಮುಗಿಯುವವರೆಗೆ

ನವೆಂಬರ್ ೯

ಮಗಳೇ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮುಂಚೆ ಒಂದು ಸಲವಾದರೂ ಓದುತ್ತೀಯ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಿನ್ನ ಕನ್ನಡಕದ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಯಾರೋ ಹೇಳಿದರು, ಸಂತೋಷವಾಯಿತು. ನಾನು ಬೇಕರಿಯ ಮೇಲಿನ ಅದೇ ಕೋಣೆಯಲ್ಲಿದ್ದೇನೆ. ದಿನಕ್ಕೊಂದು ಸಲ ಬಾಗಿಲಿನ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳುತ್ತೇನೆ. ಅರವತ್ತಾರು ದಾಟಿದರೂ ತಲೆ ತಗ್ಗಿಸುವುದನ್ನು ಕಲಿಯಲಿಲ್ಲ ನೋಡು.

ಈಗಿನವರ ಬ್ಯಾಸ್ಕೆಟ್‌ಬಾಲ್ ನೋಡುತ್ತೀಯಾ? ನೋಡದಿದ್ದರೆ ನಷ್ಟವೇನಿಲ್ಲ. ಎಲ್ಲರೂ ಗೆರೆಯಾಚೆ ನಿಂತು ಮೂರು ಪಾಯಿಂಟಿನ ಆಸೆಗೆ ಮಾವಿನಕಾಯಿಗೆ ಕಲ್ಲೆಸೆದ ಹಾಗೆ ಎಸೆಯುತ್ತಾರೆ. ಬಿದ್ದರೆ ಕುಣಿತ, ಬೀಳದಿದ್ದರೆ ರೆಫರಿಯ ಮೇಲೆ ಕೋಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಾಲದಲ್ಲಿ ಹಾಗಿತ್ತೇ? ನಮ್ಮ ತಂಡದಲ್ಲಿ ಚೆಂಡು ಹಂಚುವವನಿಗೆ ಗಡಿಯಾರ ಎಂದೇ ಅಡ್ಡಹೆಸರು. ಗೋಡೆಯ ಕಡೆ ಕಣ್ಣು ಹಾಯಿಸದೆಯೇ ಇನ್ನೆಷ್ಟು ಸೆಕೆಂಡ್ ಉಳಿದಿದೆ ಎಂದು ಹೇಳಿಬಿಡುತ್ತಿದ್ದ. ಆಮೇಲೆ ಬಿಕ್ಕಳಿಕೆ. ಚೆಂಡು ಪುಟಿಸುತ್ತಾ ಓಡುವಾಗ ನಡುವೆ ಒಂದು ಸಲ ತಡೆದು ನಿಲ್ಲುತ್ತಿದ್ದ. ಎದುರಿಗಿದ್ದವನು ಮುಗ್ಗರಿಸಿ ಬೀಳುತ್ತಿದ್ದ, ಇವನು ಪಕ್ಕದಲ್ಲಿ ನಡೆದು ಹೋಗಿ ಬುಟ್ಟಿಗೆ ಹಾಕಿ ಬರುತ್ತಿದ್ದ. ಎದುರಾಳಿ ತಂಡದಲ್ಲೂ ದೊಡ್ಡ ಮನುಷ್ಯರಿದ್ದರು. ಜಿರಾಫೆಯನ್ನೇ ನೋಡು. ನಾನೆಸೆದ ಚೆಂಡನ್ನು ಗಾಳಿಯಲ್ಲೇ ಹೊಡೆದು ಹಾಕಿ, 'ಸಾರಿ ಗುರು, ಹೊಟ್ಟೆಪಾಡು' ಎನ್ನುತ್ತಿದ್ದ. ಅಂಥವರು ಇನ್ನೆಲ್ಲಿ ಹುಟ್ಟುತ್ತಾರೆ?

ಇರಲಿ, ವಿಷಯಕ್ಕೆ ಬರುತ್ತೇನೆ. ಕ್ಲಬ್‌ನವರು ನನ್ನ ಜರ್ಸಿಯನ್ನು ಹಾಲ್‌ನ ಸೂರಿಗೆ ತೂಗುಹಾಕುತ್ತಾರಂತೆ. ಆ ನಂಬರನ್ನು ಇನ್ನು ಯಾರೂ ತೊಡುವಂತಿಲ್ಲ. ನಾವು ಕಪ್ ಗೆದ್ದ ಆ ಫೈನಲ್‌ನ ದಿನವೇ, ಮಾರ್ಚ್ ಇಪ್ಪತ್ತೆರಡಕ್ಕೆ ಸಮಾರಂಭ. ದೊಡ್ಡ ಪರದೆಯ ಮೇಲೆ ಆ ಆಟದ ಫಿಲ್ಮ್ ಹಾಕುತ್ತಾರೆ. ಫ್ರೀ ಥ್ರೋ ಹಾಕಿದ ಮೇಲೆ ನಾನು ಕಿವಿ ಎಳೆದುಕೊಳ್ಳುತ್ತಿದ್ದೆನಲ್ಲ, ಹಾಲ್ ತುಂಬ ಸೇರಿದ ಜನರೆಲ್ಲ ಒಟ್ಟಿಗೆ ಹಾಗೆ ಮಾಡಬೇಕು ಎಂಬ ಏರ್ಪಾಡೂ ಇದೆಯಂತೆ. ಮಾಡಿಕೊಳ್ಳಲಿ ಬಿಡು.

ನನ್ನ ಪಕ್ಕದ ಕುರ್ಚಿ ನಿನಗೆಂದು ಹೇಳಿದ್ದೇನೆ. ಬಾ.

ನಿನ್ನ ಅಪ್ಪ

*

ನವೆಂಬರ್ ೨೭

ಅಪ್ಪ,

ನಿಮ್ಮ ಕಾಗದವನ್ನು ಹರಿಯಲಿಲ್ಲ. ಎರಡು ಸಲ ಓದಿದೆ. ಅದರಲ್ಲಿ ಗಡಿಯಾರ ಇದ್ದಾನೆ, ಬಿಕ್ಕಳಿಕೆ ಇದ್ದಾನೆ, ಜಿರಾಫೆಯೂ ಇದ್ದಾನೆ. ನಮ್ಮ ಬಟಾಣಿ ಮಾತ್ರ ಇಲ್ಲ.

ಮಾರ್ಚ್ ಇಪ್ಪತ್ತೆರಡು ನಿಮ್ಮ ಮಗ ಹೋದ ದಿನ. ಇದನ್ನು ನಿಮಗೆ ನಾನು ನೆನಪಿಸಬೇಕೇ?

ನೀವು ದೂರದ ಊರಿನ ಆ ಹಾಲ್‌ನಲ್ಲಿದ್ದಿರಿ, ನಾನು ಮನೆಯಲ್ಲಿದ್ದೆ. ನನಗೆ ಹತ್ತು ವರ್ಷ, ಅವನಿಗೆ ಆರು. ನೀವು ಹೊರಟಾಗ ಬರೀ ಮೈ ಬಿಸಿ ಇತ್ತು. ಅದು ಮಿದುಳಿಗೆ ಏರಿತು. ಮಧ್ಯಾಹ್ನ ಆಸ್ಪತ್ರೆಯಿಂದ ತಂದು ಒಳಕೋಣೆಯಲ್ಲಿ ಮಲಗಿಸಿದರು. ಸಂಜೆ ಅಮ್ಮ ಎದ್ದು ಹೋಗಿ ಟಿವಿ ಹಾಕಿದಳು. ಮನೆ ತುಂಬ ಜನ. ಎಲ್ಲರೂ ಅವಳಿಗೆ ತಲೆ ಕೆಟ್ಟಿತು ಎಂದುಕೊಂಡರು. ಟಿವಿಯಲ್ಲಿ ನೀವು ಫ್ರೀ ಥ್ರೋ ಹಾಕುತ್ತಿದ್ದಿರಿ, ಕ್ಯಾಮೆರಾದ ಕಡೆ ತಿರುಗಿ ನಗುತ್ತಾ ಕಿವಿ ಎಳೆದುಕೊಳ್ಳುತ್ತಿದ್ದಿರಿ. ಪ್ರತಿ ಸಲವೂ.

ಅದು ಯಾರಿಗಾಗಿ ಎಂದು ಹಾಲ್‌ನಲ್ಲಿದ್ದವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. 'ಟಿವಿ ಒಳಗಿಂದ ನಾನು ನಿಂಗೆ ಕಾಣ್ತೀನಾ?' ಎಂದು ಅವನು ಕೇಳಿದ್ದ. 'ಕಾಣದೆ ಏನು, ಅಲ್ಲಿಂದಲೇ ನಿನ್ನ ಕಿವಿ ಹಿಂಡ್ತೀನಿ ನೋಡ್ತಿರು' ಎಂದಿದ್ದಿರಿ. ಅಂದಿನಿಂದ ನೀವು ಅಲ್ಲಿ ಎಳೆದುಕೊಂಡರೆ ಇವನು ಇಲ್ಲಿ 'ಅಯ್ಯಯ್ಯೋ' ಎಂದು ತನ್ನ ಕಿವಿ ಹಿಡಿದುಕೊಂಡು ಮನೆಯೆಲ್ಲ ಓಡುತ್ತಿದ್ದ.

ಅದನ್ನು ಈಗ ಇಡೀ ಹಾಲ್ ಮಾಡಬೇಕಂತೆ. ಅದೇ ದಿನ, ನಗುತ್ತಾ. ನನ್ನ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡಿ.

ನಿಮ್ಮ ಮಗಳು

*

ಡಿಸೆಂಬರ್ ೧೪

ಮಗಳೇ,

ಅವನ ಹೆಸರು ಹಿಡಿದು ಬರೆಯಲು ನನ್ನ ಕೈಗೆ ಬರುವುದಿಲ್ಲ. ಬರೆಯದಿದ್ದರೆ ಮರೆತಂತೆ ಅಲ್ಲ. ಅಷ್ಟು ಮಾತ್ರ ನಂಬು.

ನಿನ್ನ ಕಾಗದ ಓದಿದ ಮರುದಿನ ಕ್ಲಬ್‌ಗೆ ಹೋದೆ. ಅಲ್ಲಿ ಪ್ರಚಾರ ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಒಳ್ಳೆಯವಳು, ಮಾತು ಮಾತ್ರ ಪಟಾಕಿ. 'ಕಿವಿ ಎಳೆಯೋದು ಬೇಡಮ್ಮ' ಎಂದೆ. 'ಸರ್, ಅದೇ ಹೈಲೈಟ್ ಸರ್! ಪೋಸ್ಟರ್ ಎಲ್ಲ ಆಗ್ಬಿಟ್ಟಿದೆ. ಅದು ನಿಮ್ಮ ಲಕ್ಕಿ ಸೈನ್ ಅಲ್ವಾ ಸರ್?' ಎಂದಳು. ಕಾರಣ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ಅದನ್ನೂ ಕಾರ್ಯಕ್ರಮಕ್ಕೆ ಸೇರಿಸುತ್ತಿದ್ದರು. ದೀಪ ಆರಿಸಿ, ಮೆಲ್ಲನೆ ಸಂಗೀತ ಹಾಕಿ, ಅವನ ಫೋಟೊವನ್ನು ಪರದೆಯ ಮೇಲೆ ಮನೆಯಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು. ಕೊನೆಗೆ, 'ಈಗ ಭುಜ ನೋವು, ಕೈ ಕಿವಿಯವರೆಗೂ ಏಳಲ್ಲಮ್ಮ, ಜನರ ಮುಂದೆ ಮಾನ ಹೋಗುತ್ತೆ' ಎಂದು ಸುಳ್ಳು ಹೇಳಿದೆ. ಪಾಪ, ನಂಬಿದಳು. ಏರ್ಪಾಡಿನಿಂದ ಅದನ್ನು ತೆಗೆದಿದ್ದಾರೆ.

ಈಗಲಾದರೂ ಬರುತ್ತೀಯಾ?

ಅಪ್ಪ

*

ಜನವರಿ ೨೦

ಅಪ್ಪ,

ಕಳೆದ ವಾರ ಅಂಗಡಿಗೆ ಒಬ್ಬ ಲಾರಿ ಡ್ರೈವರ್ ಬಂದಿದ್ದರು. ಐವತ್ತರ ಆಸುಪಾಸು. ಹತ್ತಿರದ್ದು ಕಾಣುವುದಿಲ್ಲ ಎಂದರು. ಪರೀಕ್ಷೆಯ ಫ್ರೇಮ್ ಹಾಕಿ ಒಂದೊಂದೇ ಗಾಜು ಬದಲಿಸುತ್ತಿದ್ದೆ. ಅವರು ಕನ್ನಡಿ ನೋಡಿಕೊಂಡು ತಮಾಷೆಗೆ ಕಿವಿ ಎಳೆದುಕೊಂಡು, 'ಏಣಿ ಥರ ಕಾಣ್ತೀನಾ ಮೇಡಂ?' ಎಂದರು. ನಾನು ಏಣಿಯ ಮಗಳು ಎಂದು ಅವರಿಗೆ ಹೇಗೆ ಗೊತ್ತಿರಬೇಕು? 'ಆ ಫೈನಲ್ ನೀವು ನೋಡಿರಲ್ಲ ಬಿಡಿ. ಅಂಥ ಆಟ ಇನ್ನು ಹುಟ್ಟಲ್ಲ. ನಮ್ಮಪ್ಪ ಸಿಟ್ಟಿನ ಮನುಷ್ಯ, ಆವತ್ತು ಟಿವಿ ಮುಂದೆ ಖುಷಿ ತಡೀಲಾರ್ದೆ ನನ್ನ ಹೆಗಲ ಮೇಲೆ ಕೈ ಹಾಕಿದ್ರು. ಅದೇ ಮೊದಲು, ಅದೇ ಕೊನೆ' ಎಂದರು.

ಅವರ ಮೇಲೆ ಕೋಪಿಸಿಕೊಳ್ಳಬೇಕು ಎಂದುಕೊಂಡೆ, ಆಗಲಿಲ್ಲ. ಗಾಜು ತರುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅವರಿಗೆ ಆ ಸಂಜೆ ಅಪ್ಪ ಸಿಕ್ಕ. ನನಗೆ ಆ ಸಂಜೆಯಿಂದ ಅಪ್ಪ ಇಲ್ಲ. ಸ್ವಲ್ಪ ದಿನಕ್ಕೇ ನೀವು ಮನೆ ಬಿಟ್ಟಿರಿ. ಅಮ್ಮ ತೀರಿಕೊಂಡಾಗಲೂ ಗೇಟಿನ ಹೊರಗೆ ನಿಂತಿದ್ದು ಹಾಗೇ ಹೊರಟುಹೋದಿರಿ. ನಿಮ್ಮ ಎತ್ತರಕ್ಕೆ ನೀವು ಯಾರಿಗೂ ಕಾಣದಂತೆ ನಿಲ್ಲಲು ಆಗುವುದಿಲ್ಲ ಅಪ್ಪ.

ಕಿವಿಯದನ್ನು ನಿಲ್ಲಿಸಿದ್ದಕ್ಕೆ ಥ್ಯಾಂಕ್ಸ್. ಆದರೆ ಒಂದು ಮಾತು ಹೇಳಿ. ಅದೇ ದಿನ, ಅದೇ ಫಿಲ್ಮ್, ಚಪ್ಪಾಳೆ. ನಿಮಗೆ ಇದೆಲ್ಲ ಯಾಕೆ ಬೇಕು? ಒಂದು ಹಳೆ ಬಟ್ಟೆ ಸೂರಿಗೆ ಏರಿದರೆ ಏನು ಸಿಗುತ್ತದೆ?

ಮಗಳು

*

ಫೆಬ್ರವರಿ ೧೬

ಮಗಳೇ,

ನಿನ್ನ ಪ್ರಶ್ನೆಗೆ ಉತ್ತರ ಕೂಡಿಸಿಕೊಳ್ಳಲು ಇಷ್ಟು ದಿನ ಹಿಡಿಯಿತು.

ಮೊದಲು ಒಂದು ಸುಳ್ಳನ್ನು ವಾಪಸು ತೆಗೆದುಕೊಳ್ಳುತ್ತೇನೆ. ಈಗಿನವರು ನಮಗಿಂತ ಚೆನ್ನಾಗಿ ಆಡುತ್ತಾರೆ. ನಮ್ಮ ಐವರನ್ನು ಅವರೆದುರು ನಿಲ್ಲಿಸಿದರೆ ಜೊಳ್ಳು ತೂರಿದ ಹಾಗೆ ಗಾಳಿಗೆ ತೂರಿ ಮನೆಗೆ ಕಳಿಸುತ್ತಾರೆ. ಗಡಿಯಾರ ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಟಿವಿ ನೋಡುತ್ತಾ, 'ಏಣಿ, ನಾವು ಸುಮ್ನೆ ಜಂಬ ಕೊಚ್ಕೊಳ್ತೀವಿ ಕಣೋ. ಈ ಹುಡುಗರು ನಮ್ಮಪ್ಪಂದಿರು' ಎಂದ. ಇಬ್ಬರೂ ನಕ್ಕೆವು. ಆದರೂ ಬೀದಿಯಲ್ಲಿ ಯಾರಾದರೂ ಸಿಕ್ಕರೆ 'ಆ ಕಾಲ, ಆ ಕಾಲ' ಎಂದು ನಾನೂ ತಲೆಯಾಡಿಸುತ್ತೇನೆ. ಅದು ಆಟಕ್ಕಾಗಿ ಅಲ್ಲ.

ಆ ಫೈನಲ್‌ನ ಫಿಲ್ಮ್ ನಾನು ಇದುವರೆಗೂ ನೋಡಿಲ್ಲ. ವರ್ಷಕ್ಕೊಂದು ಸಲ ಟಿವಿಯಲ್ಲಿ ಬಂದೇ ಬರುತ್ತದೆ, ಆಗ ಕೆಳಗಿಳಿದು ಬೇಕರಿಯ ಒಲೆಯ ಹತ್ತಿರ ಕೂರುತ್ತೇನೆ. ಈಗ ನೋಡಬೇಕು ಎನಿಸಿದೆ. ಯಾಕೆಂದರೆ ಆ ಫಿಲ್ಮಿನಲ್ಲಿ ಓಡಾಡುತ್ತಿರುವ ಆ ಉದ್ದನೆಯ ಮನುಷ್ಯನಿಗೆ ಇಬ್ಬರು ಮಕ್ಕಳು. ಅವನಿಗೆ ಹಾಗೆಯೇ ಗೊತ್ತು. ಸಣ್ಣವನಿಗೆ ಸ್ವಲ್ಪ ಜ್ವರ, ಬೆಳಿಗ್ಗೆ ರೈಲಿಳಿದು ಮನೆ ಸೇರುವಷ್ಟರಲ್ಲಿ ಬಿಟ್ಟಿರುತ್ತದೆ, ಏನಾದರೂ ಆಟದ ಸಾಮಾನು ಕೊಂಡುಹೋಗಬೇಕು. ಅವನ ತಲೆಯಲ್ಲಿ ಇರುವುದು ಇಷ್ಟೇ. ಲೋಕದಲ್ಲಿ ಬೇರೆ ಎಲ್ಲಿಯೂ ನನ್ನ ಮಗ ಈಗ ಬದುಕಿಲ್ಲ. ಆ ಮನುಷ್ಯನ ತಲೆಯಲ್ಲಿ ಇದ್ದಾನೆ. ಆ ಮನುಷ್ಯನನ್ನು ಒಂದು ಸಲ ನೋಡಬೇಕು. ಒಬ್ಬನೇ ನೋಡಲು ಧೈರ್ಯ ಸಾಲದು. ಆ ಮಗುವನ್ನು ಎತ್ತಿ ಆಡಿಸಿದವರಲ್ಲಿ ಉಳಿದಿರುವುದು ನಾವಿಬ್ಬರೇ. ಅದಕ್ಕೇ ನಿನ್ನನ್ನು ಕರೆದದ್ದು.

ಕೊನೆಯ ಸೀಟಿಗೆ ಮುಂಚೆಯೇ ನಿಲ್ಲಿಸಲು ಫಿಲ್ಮ್ ಹಾಕುವವನಿಗೆ ಹೇಳಿದ್ದೇನೆ. ಸೀಟಿಯಾದ ಮೇಲೆ ನಮ್ಮ ತಂಡಕ್ಕೆ ಮಸಾಜ್ ಮಾಡುವ ಅಣ್ಣ ಟವೆಲ್ ಹಿಡಿದು ನನ್ನ ಹತ್ತಿರ ಬರುತ್ತಾನೆ. ಅದು ನನಗೆ ಬೇಡ.

ಇನ್ನೂ ಒಂದು ಮಾತು ಬರೆದೇಬಿಡುತ್ತೇನೆ. ನಿನ್ನ ಅಮ್ಮ ಆಟಕ್ಕೆ ಮುಂಚೆಯೇ ಹಾಲ್‌ಗೆ ಫೋನ್ ಮಾಡಿದ್ದಳು. ಎತ್ತಿದವನು ಆ ಅಣ್ಣ. ಮಗ ಹೋದ ಸುದ್ದಿ ತಿಳಿಸಿ, 'ಆಟ ಮುಗಿಯೋವರೆಗೂ ಅವರಿಗೆ ಹೇಳ್ಬೇಡಿ' ಎಂದಳಂತೆ. ಆ ಮಾತನ್ನು ನುಂಗಿಕೊಂಡು ಅವನು ನನ್ನ ಕಾಲು ತಿಕ್ಕಿದ, ನನಗೆ ನೀರು ಕೊಟ್ಟ, ಬೆನ್ನು ತಟ್ಟಿ ಒಳಗೆ ಕಳಿಸಿದ. ಮನೆಗೆ ಬಂದು 'ಯಾಕೆ ಮುಚ್ಚಿಟ್ಟೆ?' ಎಂದು ಕೇಳಿದೆ. 'ಆಟ ಮುಗೀಲಿ ಅಂತ' ಎಂದಳು. ಅಷ್ಟೇ. ಮಗನಿಗಿಂತ ಇವಳಿಗೆ ಕಪ್ ದೊಡ್ಡದಾಯಿತೇ ಎಂದು ನನ್ನ ಎದೆ ಕಲ್ಲಾಯಿತು. ಅವಳ ಜೊತೆ ಒಂದು ಸೂರಿನಡಿ ಇರಲಾರದೆ ಹೊರಟೆ. ನಿನ್ನದು ನಿನ್ನ ಅಮ್ಮನ ಪಕ್ಷ. ಇರಬೇಕಾದದ್ದೇ. ಆದರೆ ಆ ಒಂದು ವಿಷಯದಲ್ಲಿ ಅವಳನ್ನು ಕ್ಷಮಿಸಲು ನನಗೆ ಆಗಲಿಲ್ಲ.

ಅಪ್ಪ

*

ಮಾರ್ಚ್ ೨೫

ಮಗಳೇ,

ನಿನ್ನಿಂದ ಕಾಗದ ಬರಲಿಲ್ಲ. ನೀನೂ ಬರಲಿಲ್ಲ. ಬೈಯಲು ಬರೆಯುತ್ತಿಲ್ಲ. ಏನು ನಡೆಯಿತೆಂದು ಹೇಳಲು ಬೇರೆ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೋರ್ಟಿನ ಮೇಲೆ ಕಾರ್ಪೆಟ್ ಹಾಸಿ ಕುರ್ಚಿಗಳನ್ನಿಟ್ಟಿದ್ದರು. ನಿನ್ನ ಕುರ್ಚಿ ಖಾಲಿ ಇದೆ ಎಂದು ಯಾರೋ ದೊಡ್ಡವರು ಬಂದು ಕೂರಲು ನೋಡಿದರು. ನನ್ನ ಕೋಟು ತೆಗೆದು ಅದರ ಮೇಲೆ ಹಾಕಿದೆ. ಆಮೇಲೆ ಭಾಷಣಗಳು. ನಾನು ಯಾವತ್ತೂ ಮಾಡದ ಸಾಹಸಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಬಿಕ್ಕಳಿಕೆ ಊರುಗೋಲು ಹಿಡಿದು ಬಂದಿದ್ದ, ನನ್ನ ಕಿವಿಯಲ್ಲಿ 'ಇದೆಲ್ಲ ನಾನು ಮಾಡಿದ್ದು ಕಣೋ' ಎಂದ. ಜರ್ಸಿ ಹಗ್ಗದಲ್ಲಿ ಮೇಲೇರಿತು.

ಫಿಲ್ಮ್ ಶುರುವಾಯಿತು. ಆ ಉದ್ದನೆಯ ಮನುಷ್ಯ ಬಂದ. ಎಷ್ಟು ಚಿಕ್ಕವನು! ನಿನ್ನ ಈಗಿನ ವಯಸ್ಸಿಗಿಂತ ಹನ್ನೆರಡು ವರ್ಷ ಕಡಿಮೆ. ತಪ್ಪು ಪಾಸ್ ಕೊಟ್ಟು ಗಡಿಯಾರನಿಂದ ಬೈಸಿಕೊಂಡು ನಗುತ್ತಿದ್ದ. ಹಾಗೆ ನಗಲು ನನಗೆ ಬರುತ್ತಿತ್ತು ಎನ್ನುವುದೇ ಮರೆತುಹೋಗಿತ್ತು. ಫ್ರೀ ಥ್ರೋ ಹಾಕಿದ, ಕ್ಯಾಮೆರಾದ ಕಡೆ ತಿರುಗಿ ಕಿವಿ ಎಳೆದುಕೊಂಡ. ಯಾರೂ ಹೇಳದಿದ್ದರೂ ಜನರೆಲ್ಲ ತಾವೇ ಕಿವಿ ಎಳೆದುಕೊಂಡರು. ಅಪ್ಪಂದಿರ ಹೆಗಲ ಮೇಲೆ ಕೂತ ಮಕ್ಕಳೂ ಎಳೆದುಕೊಂಡವು. ನನಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಇಷ್ಟು ಜನ ಸೇರಿ ನನ್ನ ಮಗುವನ್ನು ಕರೆಯುತ್ತಿದ್ದಾರೆ, ಯಾರನ್ನು ಕರೆಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ ಅಷ್ಟೇ ಎನಿಸಿತು.

ಹೇಳಿದ ಕಡೆ ನಿಲ್ಲಿಸಿದರು. ಜನ 'ಛೇ' ಎಂದರು. ದೀಪ ಬಂತು. ನಾನು ಎದ್ದು ನಿಂತು ಕೈ ಮುಗಿದೆ. ಮಾತಾಡಿ ಎಂದರು. ಕೋಟು ತೆಗೆದುಕೊಂಡು ಮನೆಗೆ ಬಂದೆ.

ಅಪ್ಪ

*

ಏಪ್ರಿಲ್ ೨

ಅಪ್ಪ,

ನಾನು ಸಮಾರಂಭವನ್ನು ಟಿವಿಯಲ್ಲಿ ನೋಡಿದೆ, ನಮ್ಮ ಮನೆಯ ಅದೇ ಕೋಣೆಯಲ್ಲಿ. ನಿಮ್ಮ ಕೋಟನ್ನೂ ನೋಡಿದೆ.

ಈ ಕಾಗದವನ್ನು ಫೆಬ್ರವರಿಯಲ್ಲೇ ಬರೆಯಬೇಕಿತ್ತು. ಬರೆದು ಬರೆದು ಹರಿದೆ. ಆ ಫಿಲ್ಮಿನೊಳಗಿನ ಮನುಷ್ಯನನ್ನು ನೋಡಬೇಕೆಂದು ನೀವು ಅಷ್ಟು ಆಸೆಪಟ್ಟಿದ್ದಿರಿ. ಇದನ್ನು ಮೊದಲೇ ತಿಳಿಸಿದ್ದರೆ ನಿಮಗೆ ಅವನನ್ನು ನೋಡಲು ಆಗುತ್ತಿರಲಿಲ್ಲ. ಬಂದು ಪಕ್ಕದಲ್ಲಿ ಕೂತರೆ ನನ್ನ ಮುಖವೇ ಹೇಳಿಬಿಡುತ್ತದೆ ಎಂದು ಬರಲೂ ಇಲ್ಲ. ಆಟ ಮುಗಿಯಲಿ ಎಂದು ಕಾದೆ. ನಾನೂ ಅಮ್ಮನ ಮಗಳೇ ತಾನೇ.

ನೀವು ಮನೆ ಬಿಟ್ಟದ್ದು ಬಟಾಣಿ ಇಲ್ಲದ ಮನೆಯಲ್ಲಿ ಇರಲಾರದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಅಮ್ಮನಿಗೆ ಕಪ್ ದೊಡ್ಡದಾಯಿತು ಎಂಬ ಯೋಚನೆ ನಿಮ್ಮ ತಲೆಯಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ.

ಆ ಸಂಜೆ ಅಮ್ಮ ಟಿವಿ ಹಾಕಿದಾಗ ಪಕ್ಕದ ಮನೆಯ ದೊಡ್ಡಮ್ಮ ಎದ್ದು, 'ಆರಿಸಮ್ಮ, ಒಳಗೆ ಮಗು ಮಲಗಿದೆ' ಎಂದರು. ಅಮ್ಮ ಅವರ ಕೈ ಹಿಡಿದುಕೊಂಡಳು. ನಾನು ಅವಳ ಮಗ್ಗುಲಲ್ಲೇ ಇದ್ದೆ. ಅವಳು ಹೇಳಿದ್ದು ಇದು: 'ಆರಿಸ್ಬೇಡಿ ಅಕ್ಕ. ನಮಗೆಲ್ಲ ಅವನು ಹೋದ. ಅಲ್ಲಿ ಅವರಿಗೆ ಇನ್ನೂ ಇದ್ದಾನೆ. ನೋಡಿ, ಹೇಗೆ ಕರೀತಿದ್ದಾರೆ ಅವನನ್ನ. ಇನ್ನೊಂದು ಅರ್ಧ ಗಂಟೆ ಇರ್ಲಿ ಬಿಡಿ. ಒಬ್ಬರಿಗಾದ್ರೂ ಇರ್ಲಿ.'

ನಿಮಗೆ ಹೇಳಬೇಡಿ ಎಂದು ಫೋನ್ ಮಾಡಿದ್ದೂ ಅದಕ್ಕೇ. ಹೇಳಿದ್ದರೂ ರೈಲು ಇದ್ದದ್ದು ರಾತ್ರಿಗೇ. ಯಾವ ಕಪ್, ಯಾರು ಗೆದ್ದರು, ಅದೊಂದೂ ಅವಳ ಮನಸ್ಸಿನಲ್ಲಿರಲಿಲ್ಲ. ಕೊನೆಯ ಸೀಟಿ ಆದಾಗ ಅವಳೇ ಎದ್ದು ಟಿವಿ ಆರಿಸಿದಳು. 'ಈಗ ಗೊತ್ತಾಯ್ತು ಅವರಿಗೆ' ಎಂದಳು. ಅವಳು ಮೊದಲ ಸಲ ಜೋರಾಗಿ ಅತ್ತದ್ದು ಆಗ.

ಕೊನೆಯವರೆಗೂ ಅವಳ ಬಾಯಲ್ಲಿ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಬರಲಿಲ್ಲ. 'ನನ್ನ ಮುಖ ನೋಡಿದ್ರೆ ಮಗು ನೆನಪಾಗುತ್ತೆ ನಿಮ್ಮಪ್ಪನಿಗೆ, ಅದಕ್ಕೇ ಹೋದ್ರು ಪಾಪ' ಎನ್ನುತ್ತಿದ್ದಳು.

ನೀವು ನೀವು ಎಂದು ಬರೆದು ನನಗೆ ಸಾಕಾಗಿದೆ. ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳಬೇಕಾದ ಮನೆಯಿಂದ ನೀನು ಎದ್ದು ಹೋದೆ. ಇನ್ನೊಂದೇ ಒಂದು ಸಲ ಕೇಳಬಾರದಿತ್ತೇನಪ್ಪ?

ಮಗಳು

*

ಏಪ್ರಿಲ್ ೯

ಮಗಳೇ,

ಕಾಗದ ಬಂತು. ಓದಿದೆ. ಎರಡು ದಿನ ಕೆಳಗಿಳಿಯಲಿಲ್ಲ. ಬೇಕರಿಯವನು ಹೆದರಿ ಬಾಗಿಲು ಬಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಆಡದೆ ಹೋಯಿತು. ಆ ಅರ್ಧ ಗಂಟೆಯನ್ನು ಅವಳು ನನಗಾಗಿ ಉಳಿಸಿದ್ದಳು, ನಾನು ಆಮೇಲಿನ ಆಯುಷ್ಯವನ್ನೆಲ್ಲ ಅದಕ್ಕಾಗಿಯೇ ಅವಳನ್ನು ದ್ವೇಷಿಸುತ್ತಾ ಕಳೆದೆ. ಸಮಾರಂಭದ ದಿನ ಆ ಫಿಲ್ಮ್ ನೋಡಿ ನನಗೆ ಎಷ್ಟು ಸಮಾಧಾನ ಸಿಕ್ಕಿತೋ, ಅದನ್ನು ಕೊಟ್ಟವಳು ಅವಳು. ಥ್ಯಾಂಕ್ಸ್ ಎಂದು ಹೇಳಲು ಈಗ ಯಾರಿದ್ದಾರೆ?

ನಿನ್ನ ಅಮ್ಮ ತೀರಿಕೊಂಡಾಗ ಗೇಟಿನ ಹೊರಗೆ ನಿಂತಿದ್ದೆ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಅವತ್ತು ನಿನ್ನ ಅಮ್ಮ ಹೋದಳು ಎಂದಷ್ಟೇ ಗೊತ್ತಾಗಿತ್ತು. ನನ್ನ ಹೆಂಡತಿ ಹೋದಳು ಎಂದು ಗೊತ್ತಾದದ್ದು ಮೊನ್ನೆ, ನಿನ್ನ ಕಾಗದ ಬಂದ ಮೇಲೆ.

ನಾನಿಲ್ಲದ ಅಷ್ಟೂ ವರ್ಷ ಅವಳು ಹೇಗಿದ್ದಳು, ಯಾರ ಜೊತೆ ಜಗಳ ಆಡುತ್ತಿದ್ದಳು, ಕೂದಲು ಯಾವಾಗ ಬೆಳ್ಳಗಾಯಿತು, ಯಾವುದಕ್ಕೆ ನಗುತ್ತಿದ್ದಳು, ನನಗೊಂದೂ ಗೊತ್ತಿಲ್ಲ. ನಿನ್ನನ್ನು ಬಿಟ್ಟರೆ ಕೇಳಲು ಯಾರಿದ್ದಾರೆ?

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಬೇಡ ಎನ್ನುವುದಾದರೆ ಬಾಗಿಲಲ್ಲೇ ಹೇಳು, ಬೇಜಾರು ಮಾಡಿಕೊಳ್ಳದೆ ತಿರುಗಿ ಹೋಗುತ್ತೇನೆ. ಆದರೆ ಒಂದು ಗಳಿಗೆ ಒಳಗೆ ಬಿಡು ಮಗಳೇ. ಅವಳಿಗಾಗಿ ಅಳಲು ನನಗೆ ಬೇರೆ ಮನೆಯಿಲ್ಲ.

ನಿನ್ನ ಅಪ್ಪ